ಮಾತ್ರೆಯೂ ಇತ್ತು, ಡಾಕ್ಟರೂ ಇದ್ದರು: ವರ್ಷದಲ್ಲಿ ನಾಲ್ಕು ಸಲ ಅಡ್ಮಿಟ್ ಆದ ಕಾಫಿ ತೋಟದ ದೊಡ್ಡಮ್ಮನ ಪ್ರಕರಣ

ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ಎಸ್ಟೇಟ್. ಅಲ್ಲಿನ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಇರುವ 57 ವರ್ಷದ ಹೆಂಗಸಿನ ಪ್ರಕರಣ ಇದು. ಆಲ್ದೂರಿನಿಂದ ಬಾಳೆಹೊನ್ನೂರಿಗೆ ಹೋಗುವ ರಸ್ತೆಯ ಕಡೆ ಎಂದಷ್ಟೇ ಹೇಳುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಲೈನಿನವರೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುವುದು. ನಾನು ಆ ಭಾಗದ ಉಪಕೇಂದ್ರದಲ್ಲಿ, ಅಂದರೆ ಈಗಿನ ಹೆಸರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿ. ಊರವರಿಗೆ ಸಿಸ್ಟರ್.

ದೊಡ್ಡಮ್ಮ ಒಂದು ವರ್ಷದಲ್ಲಿ ನಾಲ್ಕು ಸಲ ಆಸ್ಪತ್ರೆ ಸೇರಿದರು. ನಾಲ್ಕೂ ಸಲ ಒಂದೇ ಕಾರಣ. ಪ್ರತಿ ಸಲವೂ ಗುಣವಾಗಿಯೇ ಮನೆಗೆ ಬಂದರು. ಅವರನ್ನು ನೋಡಿಕೊಳ್ಳಬೇಕಾದವರೆಲ್ಲ ತಮ್ಮ ತಮ್ಮ ಕೆಲಸ ಮಾಡಿದ್ದರು. ಆದರೂ ಅವರು ಮತ್ತೆ ಮತ್ತೆ ಅದೇ ವಾರ್ಡಿಗೆ ಹೋಗುತ್ತಿದ್ದರು. ಯಾಕೆ, ಆಮೇಲೆ ಏನು ಬದಲಾಯಿತು ಎಂಬುದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಏಕೆಂದರೆ ಇಂಥ ದೊಡ್ಡಮ್ಮಂದಿರು ನಮ್ಮ ಜಿಲ್ಲೆಯ ಪ್ರತಿ ಉಪಕೇಂದ್ರದ ಪಟ್ಟಿಯಲ್ಲೂ ಇದ್ದಾರೆ.

ಕಾಯಿಲೆ ಏನು

ಮೂರು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು, ಕಷಾಯ ಕುಡಿದು ಒಂದು ರಾತ್ರಿ ಕಳೆದರು. ಆಸ್ಪತ್ರೆ ತಲುಪುವ ಹೊತ್ತಿಗೆ ತಡವಾಗಿತ್ತು. ಜೀವ ಉಳಿಯಿತು, ಹೃದಯದ ಬಲ ಹೋಯಿತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಪಂಪಿಂಗ್ ಶೇ. 30ರ ಆಸುಪಾಸು ಎಂದು ಬಂತು. ಸರಿಯಿರುವ ಹೃದಯದಲ್ಲಿ ಅದು 55ರ ಮೇಲಿರುತ್ತದೆ. ಜೊತೆಗೆ ಬಿಪಿ, ಶುಗರ್ ಎರಡೂ ಮೊದಲಿನಿಂದ ಇದ್ದವು.

ಪಂಪಿಂಗ್ ಕಡಿಮೆಯಾದ ಹೃದಯ ಬಂದ ರಕ್ತವನ್ನೆಲ್ಲ ಮುಂದೆ ತಳ್ಳಲಾರದು. ಮೈಯಲ್ಲಿ ನೀರು, ಉಪ್ಪು ಉಳಿದುಕೊಳ್ಳುತ್ತವೆ. ಮೊದಲು ಕಾಲು ಊದುತ್ತದೆ. ಆಮೇಲೆ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸ್ವಲ್ಪ ವಾಸಿ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಕಳೆಯಬೇಕು. ಇದಕ್ಕೆ ಹಾರ್ಟ್ ಫೇಲ್ಯೂರ್ ಅನ್ನುತ್ತಾರೆ. ಹೆಸರು ಕೇಳಿದವರು ಹೃದಯ ನಿಂತೇಹೋಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಸರಿಯಾದ ಮಾತ್ರೆ ಬಿಡದೆ ತೆಗೆದುಕೊಂಡರೆ ವರ್ಷಗಟ್ಟಲೆ ಓಡಾಡಿಕೊಂಡು ಇರಬಹುದು. ನೀರು ತುಂಬುವುದೂ ಒಂದೇ ರಾತ್ರಿಯಲ್ಲಿ ಆಗುವ ಕೆಲಸವಲ್ಲ. ಅನೇಕರಲ್ಲಿ ನಾಲ್ಕೈದು ದಿನ ಮೊದಲೇ ತೂಕ ಏರತೊಡಗುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಆಗಲೇ ಗಮನಿಸಿದರೆ ಒಂದೆರಡು ದಿನ ಮಾತ್ರೆ ಹೆಚ್ಚಿಸಿ ಮನೆಯಲ್ಲೇ ಸರಿ ಮಾಡಬಹುದು. ಈ ನಾಲ್ಕೈದು ದಿನ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು, ಅದೇ ತೊಂದರೆ.

ನಾಲ್ಕು ಸಲ

ಮೊದಲ ಸಲ ಜುಲೈ. ಎರಡನೆಯದು ಅಕ್ಟೋಬರ್. ಮೂರನೆಯದು ಡಿಸೆಂಬರ್ ಮೊದಲ ವಾರ, ಅರೇಬಿಕಾ ಕೊಯ್ಲು ಜೋರಾಗಿದ್ದಾಗ. ನಾಲ್ಕನೆಯದು ಅದೇ ತಿಂಗಳ ಕೊನೆಗೆ. ಪ್ರತಿ ಸಲ ನಡೆಯುವುದು ಒಂದೇ ರೀತಿ. ರಾತ್ರಿ ಉಬ್ಬಸ ಬರುತ್ತದೆ. ಲೈನಿನಿಂದ ಟಾರ್ ರಸ್ತೆಯವರೆಗೆ ಮಣ್ಣಿನ ದಾರಿ, ಅಲ್ಲಿಯವರೆಗೆ ಎಸ್ಟೇಟ್ ಜೀಪು. ಗೇಟಿನ ಹತ್ತಿರ 108 ಬರುತ್ತದೆ. ಪಟ್ಟಣದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ನೀರು ಇಳಿಸುವ ಇಂಜೆಕ್ಷನ್ ಹಾಕುತ್ತಾರೆ. ಎರಡು ದಿನಕ್ಕೆ ಉಸಿರಾಟ ಸರಿಯಾಗುತ್ತದೆ. ನಾಲ್ಕನೇ ದಿನವೋ ಐದನೇ ದಿನವೋ ಡಿಸ್ಚಾರ್ಜ್.

ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ. ಅದರಲ್ಲಿ ಏಳು ಮಾತ್ರೆ. ‘ಹದಿನೈದು ದಿನ ಬಿಟ್ಟು ಬನ್ನಿ’ ಎಂಬ ಸಾಲು. ಆ ಚೀಟಿ ದೊಡ್ಡಮ್ಮನ ಮನೆಯ ದೇವರ ಪಟದ ಹಿಂದೆ ಹೋಗಿ ಸೇರುತ್ತಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಅದರ ಸುದ್ದಿ ಇಲ್ಲ, ನನಗೂ ಇಲ್ಲ. ಅವರು ಅಡ್ಮಿಟ್ ಆಗಿದ್ದರು ಎಂದು ನಮಗೆ ಗೊತ್ತಾಗುತ್ತಿದ್ದುದು ಊರಿನ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಬೇರೆ ಯಾವುದೋ ಕೆಲಸಕ್ಕೆ ಲೈನಿಗೆ ಹೋದಾಗ, ಅದೂ ವಾರವೋ ಎರಡು ವಾರವೋ ಕಳೆದ ಮೇಲೆ.

ದುಡ್ಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದರಿಂದ ದೊಡ್ಡ ಉಪಕಾರವಾಗಿದೆ, ಅನುಮಾನವೇ ಇಲ್ಲ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮಲಗದಂತೆ ತಡೆಯುವ ತಿಂಗಳ ಮಾತ್ರೆಗೆ ಆ ಕಾರ್ಡು ನಡೆಯುವುದಿಲ್ಲ. ಆ ಏಳರಲ್ಲಿ ನಾಲ್ಕು ಮಾತ್ರೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಸಿಗುತ್ತಿದ್ದವು. ಉಳಿದ ಮೂರನ್ನು ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಕಿತ್ತು. ಬಟವಾಡೆ ಆದ ವಾರ ಕೊಳ್ಳುವುದು, ಇಲ್ಲದ ವಾರ ಬಿಡುವುದು, ಹೀಗೆ ನಡೆದಿತ್ತು.

ಮೊರದ ಮೇಲಿನ ಮಾತ್ರೆಗಳು

ನಾಲ್ಕನೇ ಡಿಸ್ಚಾರ್ಜ್ ಆದ ಮಾರನೇ ದಿನ ಆಶಾ ಅಕ್ಕ ಫೋನ್ ಮಾಡಿದರು. ಇಬ್ಬರೂ ಸಂಜೆ ಲೈನಿಗೆ ಹೋದೆವು. ಮನೆಯಲ್ಲಿ ದೊಡ್ಡಮ್ಮ, ಎಂಟನೇ ಕ್ಲಾಸಿನ ಮೊಮ್ಮಗಳು. ಮಗ ಮಂಗಳೂರು ಕಡೆ ಡ್ರೈವರ್, ತಿಂಗಳಿಗೊಮ್ಮೆ ಬರುತ್ತಾರೆ.

‘ಏನೇನು ಮಾತ್ರೆ ಇದೆಯೋ ಎಲ್ಲ ತನ್ನಿ ದೊಡ್ಡಮ್ಮ’ ಅಂದೆ. ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ತಂದು ಮೊರದ ಮೇಲೆ ಸುರಿದರು. ಮೊಮ್ಮಗಳು ಹೆಸರು ಓದುತ್ತಾ ಹೋದಳು, ನಾನು ಬೇರೆ ಬೇರೆ ಗುಂಪು ಮಾಡಿದೆ. ಆ ಮೊರದ ಮೇಲೆ ನಾಲ್ಕೂ ಅಡ್ಮಿಷನ್‌ಗಳ ಕಥೆ ಇತ್ತು.

ಒಂದೇ ಔಷಧ ಎರಡು ಕಂಪನಿಯ ಹೆಸರಲ್ಲಿ ಇತ್ತು. ಹೃದಯದ ಬಡಿತ ನಿಧಾನ ಮಾಡುವ ಮಾತ್ರೆ ಅದು. ಎರಡನೇ ಸಲ ಆಸ್ಪತ್ರೆಯಿಂದ ಬಂದಾಗ ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗಿದ್ದಾರೆ. ತಲೆ ಸುತ್ತು ಬಂದಿದೆ. ‘ಹೊಸ ಮಾತ್ರೆ ಮೈಗೆ ಒಗ್ಗಲಿಲ್ಲ’ ಎಂದು ಎಲ್ಲವನ್ನೂ ಬಿಟ್ಟಿದ್ದಾರೆ. ಮೂರನೇ ಅಡ್ಮಿಷನ್ ಅದರ ಹಿಂದೆಯೇ ಬಂದಿತ್ತು.

ಇನ್ನೊಂದು ಸ್ಟ್ರಿಪ್ ಪೂರ್ತಿ ಖಾಲಿ. ಅದು ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಮಾತ್ರೆ, ಡೈಕ್ಲೊಫೆನಾಕ್. ಹಣ್ಣು ಕೊಯ್ದು ಕೊಯ್ದು ಸೊಂಟ, ಭುಜ ಹಿಡಿದುಕೊಂಡಾಗ ಸಂತೆ ದಿನ ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ. ತೋಟದ ಕೆಲಸದವರ ಮನೆಯಲ್ಲಿ ಇದು ಇಲ್ಲದ ಡಬ್ಬಿಯೇ ಇಲ್ಲ ಅನ್ನಬಹುದು. ಹಾರ್ಟ್ ಫೇಲ್ಯೂರ್ ಇರುವವರಿಗೆ ಇದು ಆಗಿಬರುವುದಿಲ್ಲ. ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ನೀರಿನ ಮಾತ್ರೆಯ ಬಲ ಕಡಿಮೆ ಮಾಡುತ್ತದೆ, ಬಿಪಿ ಮಾತ್ರೆಯೂ ಜೊತೆಗಿದ್ದರೆ ಕಿಡ್ನಿಗೂ ಪೆಟ್ಟು.

ಮೂರನೆಯದು ನೀರಿನ ಮಾತ್ರೆ, ಫ್ರುಸೆಮೈಡ್. ಇಡೀ ಚಿಕಿತ್ಸೆಯಲ್ಲಿ ಉಸಿರು ಹಗುರ ಮಾಡುವುದು ಇದೇ. ಆ ಸ್ಟ್ರಿಪ್ಪಿನಲ್ಲಿ ಎರಡು ಗುಳಿ ಮಾತ್ರ ಒಡೆದಿತ್ತು.

ಯಾಕೆ ತಗೊಳ್ಳಲಿಲ್ಲ ಎಂದು ಕೇಳಿದೆ. ದೊಡ್ಡಮ್ಮ ಮೊದಲು ಮಾತಾಡಲಿಲ್ಲ. ಮೊಮ್ಮಗಳನ್ನು ನೀರು ತರಲು ಕಳಿಸಿದ ಮೇಲೆ ಹೇಳಿದರು: ‘ಸಿಸ್ಟ್ರೇ, ಆ ಮಾತ್ರೆ ನುಂಗಿದ್ರೆ ಗಳಿಗೆಗೊಂದ್ಸಲ ಒಂದಕ್ಕೆ ಬರುತ್ತೆ. ತೋಟದಲ್ಲಿ ಆ ಕಡೆ ಈ ಕಡೆ ಗಂಡಾಳುಗಳು. ಎಲ್ಲಿಗೆ ಅಂತ ಹೋಗ್ಲಿ? ಹಂಗೂ ಹೋದೆ ಅಂದ್ರೆ ನನ್ನ ಸಾಲು ಹಿಂದೆ ಬೀಳುತ್ತೆ.’

ಕೊಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಸಾಲು ಹಿಂದೆ ಬಿದ್ದರೆ ದುಡ್ಡು ಕಡಿಮೆ. ಚೀಟಿಯಲ್ಲಿ ‘ಬೆಳಗ್ಗೆ ಒಂದು’ ಎಂದಿತ್ತು. ಬೆಳಗ್ಗೆ ನುಂಗಿದರೆ ಅದರ ಕೆಲಸವೆಲ್ಲ ನಡೆಯುವುದು ತೋಟದಲ್ಲಿ ನಿಂತಿರುವಾಗ. ಅವರು ಔಷಧ ಬಿಟ್ಟಿದ್ದು ಅರಿವಿಲ್ಲದೆ ಅಲ್ಲ. ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು. ಆ ಲೆಕ್ಕವನ್ನು ಕೇಳುವವರು ಇರಲಿಲ್ಲ ಅಷ್ಟೇ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಶೌಚಾಲಯ ಇರಬೇಕು, ಅದೂ ಅನುಕೂಲವಾದ ಜಾಗದಲ್ಲಿ ಇರಬೇಕು ಎಂದು ಬರೆದಿತ್ತು. ಆ ಕಾಯ್ದೆ ಅನ್ವಯವಾಗುತ್ತಿದ್ದುದು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ, ಹದಿನೈದು ಜನಕ್ಕೆ ಕಡಿಮೆಯಿಲ್ಲದ ತೋಟಗಳಿಗೆ. ನಮ್ಮ ದೇಶದ ಕಾಫಿ ತೋಟಗಳಲ್ಲಿ ಹೆಚ್ಚಿನವು ಸಣ್ಣ ಹಿಡುವಳಿ. ದೊಡ್ಡ ಎಸ್ಟೇಟಿನಲ್ಲೂ ಶೌಚಾಲಯ ಇರುವುದು ಲೈನಿನ ಹತ್ತಿರ, ಗೋಡೌನ್ ಹತ್ತಿರ. ಕೊಯ್ಲು ನಡೆಯುವ ಬ್ಲಾಕು ಅಲ್ಲಿಂದ ಎಷ್ಟೋ ದೂರ. ಒಬ್ಬ ಹೃದ್ರೋಗಿ ಮತ್ತೆ ಮತ್ತೆ ಆಸ್ಪತ್ರೆ ಸೇರುವುದಕ್ಕೂ ತೋಟದಲ್ಲಿ ಶೌಚಾಲಯ ಇಲ್ಲದಿರುವುದಕ್ಕೂ ಹೀಗೆ ನೇರ ಸಂಬಂಧ ಇರುತ್ತದೆ ಎಂದು ಯಾವ ಡಿಸ್ಚಾರ್ಜ್ ಚೀಟಿಯೂ ಹೇಳುವುದಿಲ್ಲ.

ಏನು ಮಾಡಿದೆವು

ಮೊದಲು ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದೆ. ಮೊರದ ಮೇಲಿನ ಮಾತ್ರೆಗಳ ಫೋಟೋ ಕಳಿಸಿದೆ. ಅವರು ಆಸ್ಪತ್ರೆಯ ಫಿಜಿಷಿಯನ್ ಜೊತೆ ಮಾತಾಡಿದರು. ನೀರಿನ ಮಾತ್ರೆಯನ್ನು ಕೆಲಸ ಮುಗಿಸಿ ಬಂದ ಮೇಲೆ, ಸಂಜೆ ನಾಲ್ಕು ಗಂಟೆಗೆ ತಗೊಳ್ಳಬಹುದು ಎಂದು ತೀರ್ಮಾನವಾಯಿತು. ತೀರಾ ರಾತ್ರಿ ಮಾಡಿದರೆ ನಿದ್ದೆ ಕೆಡುತ್ತದೆ, ನಾಲ್ಕಕ್ಕಾದರೆ ಮಲಗುವ ಹೊತ್ತಿಗೆ ಅದರ ಜೋರು ಇಳಿದಿರುತ್ತದೆ. ಔಷಧ ಅದೇ, ಡೋಸೂ ಅದೇ, ಹೊತ್ತು ಮಾತ್ರ ಬೇರೆ. ಇದಕ್ಕೆ ಬೇಕಾಗಿದ್ದು ಎರಡು ಫೋನ್ ಕರೆ.

ಡೈಕ್ಲೊಫೆನಾಕ್ ನಿಲ್ಲಿಸಿದೆವು, ನೋವಿಗೆ ಪ್ಯಾರಾಸಿಟಮಾಲ್. ‘ನಿಲ್ಲಿಸಿ’ ಎಂದು ಹೇಳಿದರೆ ಸಾಕಾಗುವುದಿಲ್ಲ. ಸೊಂಟ ನೋವು ನಿಜವಾದ ನೋವು, ಸಂತೆಯ ಅಂಗಡಿ ನಿಜವಾದ ಅಂಗಡಿ. ಅದಕ್ಕೇ ಆಶಾ ಅಕ್ಕ ಆ ಮೆಡಿಕಲ್ ಶಾಪಿನವರನ್ನು ಕಂಡು ಮಾತಾಡಿದರು. ದೊಡ್ಡಮ್ಮನಿಗೆ ಒಂದು ಗೆರೆ ಪುಸ್ತಕ ಕೊಟ್ಟೆವು. ಅದರ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆವು: ‘ಹಾರ್ಟ್ ಫೇಲ್ಯೂರ್ ಇದೆ. ನೋವಿನ ಮಾತ್ರೆ, ನೋವಿನ ಇಂಜೆಕ್ಷನ್ ಕೊಡಬೇಡಿ.’ ಒಳಗಿನ ಮೊದಲ ಪುಟದಲ್ಲಿ ಮಾತ್ರೆಗಳ ಪಟ್ಟಿ. ಕಂಪನಿ ಹೆಸರಲ್ಲ, ಔಷಧದ ಹೆಸರು, ಕನ್ನಡ ಅಕ್ಷರದಲ್ಲಿ. ಪಕ್ಕದಲ್ಲಿ ಯಾವುದಕ್ಕೆ, ಯಾವಾಗ. ಹೊಸ ಮಾತ್ರೆ ಯಾರು ಕೊಟ್ಟರೂ ಆ ಪುಟಕ್ಕೆ ಬರದೆ ಬಾಯಿಗೆ ಹೋಗಬಾರದು ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಒಮ್ಮೆ ನಾನು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೂ ‘ಪುಸ್ತಕದಲ್ಲಿ ಬರೆದುಕೊಡಿ’ ಅಂದಳು. ತುಂಬಾ ಖುಷಿಯಾಯಿತು.

ರೋಗಿಯ ಕೈಯಲ್ಲೇ ಪುಸ್ತಕ ಇರಬೇಕೆನ್ನುವುದು ಹೊಸ ವಿಚಾರವೇನಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಎರಿಕ್ ಕೋಲ್ಮನ್ ಎಂಬ ವೈದ್ಯರು ವಯಸ್ಸಾದ 750 ರೋಗಿಗಳ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಡಿಸ್ಚಾರ್ಜ್ ಆದವರಿಗೆ ಸ್ವಂತ ದಾಖಲೆ ಪುಸ್ತಕ, ಮಾತ್ರೆಗಳ ತಿಳಿವಳಿಕೆ, ಅಪಾಯದ ಲಕ್ಷಣಗಳ ಪಟ್ಟಿ, ಮನೆಗೆ ಬಂದು ವಿಚಾರಿಸುವ ಒಬ್ಬ ಮಾರ್ಗದರ್ಶಿ, ಇಷ್ಟು ಕೊಟ್ಟಿದ್ದರು. 30 ದಿನದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಶೇ. 8.3. ಇದೇನೂ ಸಿಗದವರಲ್ಲಿ ಶೇ. 11.9. ನಮ್ಮ ಹತ್ತಿರದ್ದೇ ಹೇಳುವುದಾದರೆ, ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರು ದೇಶದ 14 ಆಸ್ಪತ್ರೆಗಳ 800ಕ್ಕೂ ಹೆಚ್ಚು ಹೃದ್ರೋಗಿಗಳನ್ನು ಸೇರಿಸಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಸಮುದಾಯ ಆರೋಗ್ಯ ಕಾರ್ಯಕರ್ತರು ವರ್ಷವಿಡೀ ಬೆನ್ನು ಹತ್ತಿ ವಿಚಾರಿಸಿಕೊಂಡವರು ಮಾತ್ರೆ ಬಿಡುವುದು ಕಡಿಮೆಯಾಗಿತ್ತು. ಡಾಕ್ಟರ್ ಅಲ್ಲದವರೂ ಈ ಕೆಲಸ ಮಾಡಬಲ್ಲರು ಎಂಬುದಕ್ಕೆ ನಮ್ಮ ದೇಶದ್ದೇ ಆಧಾರ ಅದು.

ಉಪ್ಪಿನ ವಿಷಯ ಬಹಳ ಎಳೆದಾಡಿತು. ಮಳೆಗಾಲದ ಮಲೆನಾಡಿನಲ್ಲಿ ತರಕಾರಿ ಸಿಗುವುದು ಸಂತೆಗೆ ಹೋದರೆ ಮಾತ್ರ. ಮನೆಯಲ್ಲಿ ಇರುವುದು ಗಂಜಿ, ಉಪ್ಪಿನಕಾಯಿ, ಒಣಮೀನು. ಎಲ್ಲ ಬಿಡಿ ಅಂದರೆ ಬರೀ ಗಂಜಿ ಉಳಿಯುತ್ತದೆ, ಅದನ್ನು ತಿಂದು ತೋಟದಲ್ಲಿ ದುಡಿಯಲು ಯಾರಿಂದಲೂ ಆಗದು. ಕೊನೆಗೆ ಗಂಜಿಗೆ ಉಪ್ಪು ಹಾಕುವುದಿಲ್ಲ, ಒಣಮೀನು ವಾರಕ್ಕೊಂದು ಸಲ ಎಂದು ದೊಡ್ಡಮ್ಮನೇ ತೀರ್ಮಾನ ಮಾಡಿದರು. ಉಪ್ಪಿನಕಾಯಿ ಬಿಡಲು ಒಪ್ಪಲಿಲ್ಲ. ಸರಿ ಅಂದೆ.

ತೂಕ ಎಲ್ಲಿ ನೋಡುವುದು

ದಿನಾ ತೂಕ ನೋಡಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲ. ಅಂಗನವಾಡಿಯಲ್ಲಿ ಇದೆ, ಆದರೆ ಅದು ತೆರೆಯುವ ಮೊದಲೇ ಇವರು ಕೆಲಸಕ್ಕೆ ಹೊರಟಿರುತ್ತಾರೆ. ಉಪಕೇಂದ್ರ ದೂರ. ಆಗ ಆಶಾ ಅಕ್ಕ ಅಂದರು: ‘ಗೋಡೌನ್ ಹತ್ರ ಹಣ್ಣು ತೂಗೋ ಕಾಟಾ ಇದೆಯಲ್ಲ?’

ಇದೆ. ಎಲೆಕ್ಟ್ರಾನಿಕ್ ಕಾಟಾ, ಮೂಟೆ ತೂಗುವಂಥದ್ದು. ಬೆಳಗ್ಗೆ ಹಾಜರಿ ಹಾಕುವುದೂ ಅಲ್ಲೇ. ದಿನಾ ಒಂದೇ ಹೊತ್ತಿಗೆ, ಒಂದೇ ಥರದ ಬಟ್ಟೆಯಲ್ಲಿ, ಒಂದೇ ಕಾಟಾದ ಮೇಲೆ ನಿಂತರೆ ನಮಗೆ ಬೇಕಾದ ವ್ಯತ್ಯಾಸ ಗೊತ್ತಾಗುತ್ತದೆ.

ಆದರೆ ಇದಕ್ಕೆ ರೈಟರಿಗೆ, ಅಂದರೆ ತೋಟದ ಹಾಜರಿ, ಲೆಕ್ಕ ನೋಡುವವರಿಗೆ, ವಿಷಯ ಹೇಳಬೇಕು. ದೊಡ್ಡಮ್ಮ ಬಿಲ್‌ಕುಲ್ ಬೇಡ ಅಂದರು. ‘ಹಾರ್ಟಿನ ಕಾಯಿಲೆ ಅಂತ ಗೊತ್ತಾದ್ರೆ ಕೆಲಸಕ್ಕೆ ಕರೀತಾರಾ? ಲೈನ್ ಮನೆ ಬಿಡಿ ಅಂದ್ರೆ?’ ಆ ಭಯಕ್ಕೆ ಕಾರಣ ಇದೆ. ಅವರು ಕಾಯಂ ಕಾರ್ಮಿಕರಲ್ಲ. ಕೆಲಸ ಇದ್ದರೆ ಮನೆ, ಮನೆ ಇದ್ದರೆ ಮೊಮ್ಮಗಳ ಶಾಲೆ. ರೋಗಿಯ ಕಾಯಿಲೆಯನ್ನು ಕೂಲಿ ಕೊಡುವವರ ಮುಂದೆ ಬಿಚ್ಚಿಡುವ ಹಕ್ಕು ನಮಗಿಲ್ಲ, ಎಷ್ಟೇ ಒಳ್ಳೆಯ ಉದ್ದೇಶ ಇರಲಿ. ಹಾಗಾಗಿ ಆ ಮಾತು ಅಲ್ಲಿಗೇ ಬಿಟ್ಟೆವು. ಹಲವು ಜನ ಸೇರಿ ಒಬ್ಬರನ್ನು ನೋಡಿಕೊಳ್ಳುವ ವ್ಯವಸ್ಥೆಗಳಲ್ಲಿ ಈ ಅಪಾಯ ಯಾವಾಗಲೂ ಇರುತ್ತದೆ. ಮಾಹಿತಿ ಹಂಚಿಕೊಂಡಷ್ಟೂ ಒಳ್ಳೆಯದು ಎಂದು ನಾವು ಅಂದುಕೊಳ್ಳುತ್ತೇವೆ. ಆ ಮಾಹಿತಿಯಿಂದ ಏನು ಕಳೆದುಕೊಳ್ಳಬಹುದು ಎಂಬುದು ರೋಗಿಗೆ ಮಾತ್ರ ಗೊತ್ತಿರುತ್ತದೆ.

ಕೆಲವು ದಿನದ ನಂತರ ದೊಡ್ಡಮ್ಮನೇ ದಾರಿ ಹುಡುಕಿದರು. ರೈಟರ ಹೆಂಡತಿಗೆ ಮೊದಲು ಹೇಳಿದರು. ಆಕೆ ಗಂಡನಿಗೆ ಹೇಳಿದರು. ಆಮೇಲೆ ನಾನು ಹೋಗಿ ರೈಟರ ಜೊತೆ ಕೂತು ಮಾತಾಡಿದೆ, ದೊಡ್ಡಮ್ಮನ ಎದುರಿಗೇ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕೆಲಸ ಮಾಡಬಹುದಾ, ತೋಟದಲ್ಲಿ ಏನಾದ್ರೂ ಆಗುತ್ತಾ?’ ಮೂಟೆ ಹೊರುವುದು, ಗುಡ್ಡ ಹತ್ತುವುದು ಬೇಡ, ಹಗುರದ ಕೆಲಸ ಆಗಬಹುದು ಎಂದು ಡಾಕ್ಟರ್ ಬರೆದುಕೊಟ್ಟಿದ್ದನ್ನು ತೋರಿಸಿದೆ. ರೈಟರು ಯೋಚಿಸಿ ಅವರನ್ನು ಕಣಕ್ಕೆ ಹಾಕಿದರು. ಕಾಫಿ ಹರಡುವುದು, ಮಗುಚುವುದು, ಕಸ ಆರಿಸುವುದು. ಕಣದ ಪಕ್ಕದಲ್ಲೇ ಗೋಡೌನ್, ಅಲ್ಲೇ ಶೌಚಾಲಯ. ನೀರಿನ ಮಾತ್ರೆಯ ಸಮಸ್ಯೆಯೂ ಅಲ್ಲಿಗೆ ಬಗೆಹರಿಯಿತು. ಮಾತ್ರೆ ಮತ್ತೆ ಬೆಳಗಿನ ಹೊತ್ತಿಗೆ ಬಂತು.

ಇದರಲ್ಲಿ ದೊಡ್ಡಮ್ಮನಿಗೆ ನಷ್ಟವೂ ಇತ್ತು. ಕಣದ ಕೆಲಸಕ್ಕೆ ದಿನಗೂಲಿ, ಕಿಲೋ ಲೆಕ್ಕದ ಜಾಸ್ತಿ ದುಡ್ಡು ಸಿಗುವುದಿಲ್ಲ. ಕೊಯ್ಲಿನ ಎರಡು ತಿಂಗಳ ಆ ಹೆಚ್ಚಿನ ಸಂಪಾದನೆಯಲ್ಲೇ ಮೊಮ್ಮಗಳ ಬಟ್ಟೆ, ಪುಸ್ತಕ, ಸೊಸೈಟಿ ಸಾಲದ ಕಂತು ನಡೆಯುತ್ತಿತ್ತು. ಆರೋಗ್ಯಕ್ಕಾಗಿ ಬಡವರು ಕೊಡುವ ಬೆಲೆ ಇದು. ಆಸ್ಪತ್ರೆಯ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ. ನಮ್ಮ ಕೈಲಿ ಆಗಿದ್ದು ಇಷ್ಟೇ: ಹೊರಗಿನಿಂದ ಕೊಳ್ಳುತ್ತಿದ್ದ ಮೂರು ಮಾತ್ರೆಗಳಲ್ಲಿ ಒಂದನ್ನು ಡಾಕ್ಟರು ಆರೋಗ್ಯ ಕೇಂದ್ರದ ಬೇಡಿಕೆ ಪಟ್ಟಿಯಲ್ಲಿ ಸೇರಿಸಿದರು. ಉಳಿದ ಎರಡನ್ನು ಪಟ್ಟಣದ ಜನೌಷಧಿ ಕೇಂದ್ರದಿಂದ, ಅಲ್ಲಿಗೆ ಯಾರೇ ಹೋದರೂ ತರುವ ಏರ್ಪಾಡು ಮಾಡಿದೆವು.

ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ರೈಟರು ದಿನಾ ಒಂದು ಅಂಕಿ ಬರೆಯತೊಡಗಿದರು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಆಶಾ ಅಕ್ಕನಿಗೆ ಫೋನ್. ಅವರು ಕಾಲು ಒತ್ತಿ ನೋಡಿ, ಎಷ್ಟು ದಿಂಬು ಇಟ್ಟು ಮಲಗಿದರು ಎಂದು ಕೇಳಿ ನನಗೆ ಹೇಳುತ್ತಾರೆ. ನಾನು ಹೋಗಿ ಬಿಪಿ, ಆಕ್ಸಿಜನ್ ನೋಡಿ ಡಾಕ್ಟರಿಗೆ ತಿಳಿಸುತ್ತೇನೆ. ಡಾಕ್ಟರು ಮಾತ್ರೆ ಹೆಚ್ಚಿಸುತ್ತಾರೆ ಅಥವಾ ಬಾ ಅನ್ನುತ್ತಾರೆ. ಫೆಬ್ರವರಿಯಲ್ಲಿ ಒಮ್ಮೆ, ಯುಗಾದಿ ಆದ ವಾರದಲ್ಲಿ ಒಮ್ಮೆ ಹೀಗಾಯಿತು. ಎರಡೂ ಸಲ ಮೂರು ದಿನದಲ್ಲಿ ತೂಕ ಇಳಿಯಿತು. ಜೀಪು ಬೇಕಾಗಲಿಲ್ಲ.

ಆಸ್ಪತ್ರೆಯ ಕಡೆಯ ಕೊಂಡಿ

ಇಡೀ ಸರಪಳಿಯಲ್ಲಿ ತೀರಾ ಸಡಿಲವಾಗಿದ್ದ ಕೊಂಡಿ ಇದು. ಡಿಸ್ಚಾರ್ಜ್ ಆದ ದಿನವೇ ನಮಗೆ ತಿಳಿಯಬೇಕು. ಮನೆಗೆ ಬಂದ ಮೊದಲ ವಾರವೇ ಮಾತ್ರೆಗಳು ಅದಲು ಬದಲಾಗುವುದು, ಬಿಟ್ಟುಹೋಗುವುದು. ಪಟ್ಟಣದ ಆಸ್ಪತ್ರೆಯ ವಾರ್ಡಿನ ಒಬ್ಬ ಸ್ಟಾಫ್ ನರ್ಸ್ ಇದನ್ನು ತಾವಾಗಿಯೇ ಒಪ್ಪಿಕೊಂಡರು. ನಮ್ಮ ಭಾಗದ ಯಾರಾದರೂ ಬಿಡುಗಡೆಯಾದರೆ ಚೀಟಿಯ ಫೋಟೋ ನನ್ನ ವಾಟ್ಸಾಪಿಗೆ ಬರುತ್ತಿತ್ತು, ‘ಇವರಿಗೆ ಇನ್ಸುಲಿನ್ ಹೊಸದು, ಒಮ್ಮೆ ನೋಡಿ’ ಎಂಬ ಒಂದು ಸಾಲಿನ ಜೊತೆ. ಆ ಒಂದು ಸಾಲಿನ ಬೆಲೆ ಹೇಳತೀರದು. ಮೇ ತಿಂಗಳಲ್ಲಿ ಅವರಿಗೆ ವರ್ಗ ಆಯಿತು. ಫೋಟೋ ಬರುವುದು ನಿಂತಿತು.

ಅವರ ಜಾಗಕ್ಕೆ ಬಂದವರ ತಪ್ಪಲ್ಲ. ಅದು ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲದ ಕೆಲಸ. ಒಬ್ಬರ ಒಳ್ಳೆಯತನದ ಮೇಲೆ ನಿಂತಿದ್ದು ಅವರ ಜೊತೆಗೇ ಹೋಯಿತು. ಆಶಾ ಅಕ್ಕಂದಿರದೂ ಇದೇ ಕಥೆ. ಗೌರವಧನ ಹೆಚ್ಚಿಸಿ ಎಂದು ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದು ನೆನಪಿರಬೇಕು ಅಲ್ವಾ? ಕಾಲು ಒತ್ತಿ ನೋಡಿ ಸಂಜೆ ಏಳಕ್ಕೆ ನನಗೆ ಫೋನ್ ಮಾಡುವ ಕೆಲಸವನ್ನು ಅವರು ಮಾಡುವುದು ಊರಿನ ಮೇಲಿನ ಅಕ್ಕರೆಯಿಂದ. ಇದನ್ನೊಂದು ಕೆಲಸವೆಂದು ಎಣಿಸಿ, ಅದಕ್ಕೆ ದುಡ್ಡು ಕೊಟ್ಟರೆ ಮಾತ್ರ ಇದು ಎಲ್ಲ ಊರಲ್ಲೂ ನಡೆದೀತು.

ಆಮೇಲೆ ಆದ ಅಡ್ಮಿಷನ್

ಜುಲೈನಲ್ಲಿ ದೊಡ್ಡಮ್ಮ ಮತ್ತೆ ಅಡ್ಮಿಟ್ ಆದರು. ಪುನರ್ವಸು ಮಳೆ ಹಿಡಿದುಕೊಂಡಿತ್ತು. ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಮೊಬೈಲ್ ಟವರ್ ಸತ್ತಿತ್ತು. ತೋಟದ ಕೆಲಸ ನಿಂತಿದ್ದರಿಂದ ಹಾಜರಿಯೂ ಇಲ್ಲ, ಕಾಟಾದ ಮೇಲೆ ನಿಲ್ಲುವುದೂ ಇಲ್ಲ. ತಿಂಗಳ ಮಾತ್ರೆ ತರಬೇಕಾದ ದಿನವೇ ಬಸ್ಸು ಬರಲಿಲ್ಲ. ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಮಲೆನಾಡಿನ ಎಷ್ಟೋ ಕಡೆ ಬಸ್ಸೇ ಕಡಿಮೆಯಾಯಿತು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ, ಆ ಬಸ್ಸು ಬಾರದ ರಸ್ತೆಯಲ್ಲಿ ಅದರಿಂದ ಉಪಯೋಗವಿಲ್ಲ.

ಐದು ದಿನ ಮಾತ್ರೆ ಇಲ್ಲದೆ ಕಳೆದಿತ್ತು. ಆರನೇ ದಿನ ಜೀಪಿನಲ್ಲಿ, ಸುತ್ತು ದಾರಿಯಲ್ಲಿ ಆಸ್ಪತ್ರೆಗೆ. ನಾಲ್ಕು ದಿನ ಇದ್ದು ಬಂದರು. ಈ ಸಲ ಪುಸ್ತಕ ಜೊತೆಗಿತ್ತು. ವಾರ್ಡಿನ ಡಾಕ್ಟರು ಅದನ್ನೇ ನೋಡಿ ಮಾತ್ರೆ ಮುಂದುವರಿಸಿದರು, ಹೊಸ ಬ್ರಾಂಡು ಸೇರಿಸಲಿಲ್ಲ. ಅಡ್ಮಿಷನ್ ತಪ್ಪಲಿಲ್ಲ, ಆದರೆ ಅದರ ಹಿಂದೆ ಬರುತ್ತಿದ್ದ ಗೊಂದಲ ತಪ್ಪಿತು.

ಆಗಿನಿಂದ ಒಂದು ಕ್ರಮ ಮಾಡಿಕೊಂಡಿದ್ದೇವೆ. ಮೃಗಶಿರಾ ಮಳೆ ಶುರುವಾಗುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಒಳಭಾಗದ ಬಿಪಿ, ಶುಗರ್, ಹಾರ್ಟ್ ರೋಗಿಗಳಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಸೌದೆ, ಅಕ್ಕಿ, ಹಪ್ಪಳ ಕೂಡಿಡುವುದು ಹೊಸತಲ್ಲ. ಅದರ ಜೊತೆ ಇದೂ ಸೇರಬೇಕು.

ಇದರಿಂದ ಎಷ್ಟು ಹೇಳಬಹುದು

ಮೊದಲಿನ ವರ್ಷ ನಾಲ್ಕು ಅಡ್ಮಿಷನ್, ಆಮೇಲಿನ ವರ್ಷ ಒಂದು. ಇದನ್ನು ನೋಡಿ ನಮ್ಮ ಏರ್ಪಾಡು ಗೆದ್ದಿತು ಅನ್ನಬಹುದೇ? ಇಲ್ಲಿ ಎಚ್ಚರ ಬೇಕು. ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡನ್ ಎಂಬ ಬಡ ನಗರದಲ್ಲಿ ಜೆಫ್ರಿ ಬ್ರೆನ್ನರ್ ಎಂಬ ವೈದ್ಯರು ಪದೇ ಪದೇ ಆಸ್ಪತ್ರೆ ಸೇರುವವರನ್ನು ಗುರುತಿಸಿ, ನರ್ಸು, ಸಮಾಜ ಕಾರ್ಯಕರ್ತರು, ಆರೋಗ್ಯ ಕಾರ್ಯಕರ್ತರ ತಂಡವನ್ನು ಅವರ ಮನೆಗೆ ಕಳಿಸುವ ಕೆಲಸ ಶುರು ಮಾಡಿದರು. 2011ರ ಹೊತ್ತಿಗೆ ಅದು ದೇಶಕ್ಕೇ ಮಾದರಿ ಎಂದು ಹೆಸರಾಯಿತು. ಆಮೇಲೆ 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ 2020ರ ಜನವರಿಯಲ್ಲಿ ಬಂತು. ತಂಡದ ನೆರವು ಸಿಕ್ಕವರಲ್ಲಿ 180 ದಿನದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಶೇ. 62.3. ನೆರವು ಸಿಗದವರಲ್ಲಿ ಶೇ. 61.7. ವ್ಯತ್ಯಾಸವೇ ಇಲ್ಲ ಅನ್ನಬಹುದು.

ವಿಚಿತ್ರ ಏನೆಂದರೆ, ನೆರವು ಸಿಕ್ಕವರನ್ನು ಮಾತ್ರ ನೋಡಿದರೆ ಅವರ ಅಡ್ಮಿಷನ್ ಮೊದಲಿಗಿಂತ ಬಹಳ ಇಳಿದಿತ್ತು. ನೆರವು ಸಿಗದವರಲ್ಲೂ ಅಷ್ಟೇ ಇಳಿದಿತ್ತು. ಕಾರಣ ಸರಳ. ನಾವು ಒಬ್ಬರನ್ನು ಆರಿಸಿಕೊಳ್ಳುವುದು ಅವರ ಸ್ಥಿತಿ ತೀರಾ ಕೆಟ್ಟಿರುವಾಗ. ಅಲ್ಲಿಂದ ಅನೇಕರು ತಾವಾಗಿಯೇ ಸ್ವಲ್ಪ ಸುಧಾರಿಸುತ್ತಾರೆ. ಹೊಳೆ ಉಕ್ಕಿ ಹರಿದ ದಿನ ಹರಕೆ ಹೊತ್ತರೆ ಮಾರನೇ ವಾರ ನೀರು ಇಳಿದೇ ಇಳಿಯುತ್ತದೆ. ಅದು ಹರಕೆಯ ಫಲ ಎಂದು ಹೇಳಲು ಆಗುವುದಿಲ್ಲ. ದೊಡ್ಡಮ್ಮನ ನಾಲ್ಕು ಒಂದಾಗಿದ್ದರಲ್ಲೂ ಇಂಥದ್ದರ ಪಾಲು ಇರಬಹುದು. ಒಬ್ಬರ ಪ್ರಕರಣದಿಂದ ಅದನ್ನು ಬೇರ್ಪಡಿಸಲಾಗದು.

ಹಾಗಂತ ಕ್ಯಾಮ್ಡನ್ ಫಲಿತಾಂಶ ನೋಡಿ ಇದೆಲ್ಲ ಸುಮ್ನೆ ಎಂದು ಕೈಬಿಡುವುದೂ ಸರಿಯಲ್ಲ. ಅಲ್ಲಿ ಮನೆ ಭೇಟಿ, ಡಾಕ್ಟರ ಭೇಟಿ ಎರಡೂ ಅಂದುಕೊಂಡ ದಿನದೊಳಗೆ ಆಗಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಜನರಿಗೆ. ಅವರ ರೋಗಿಗಳಲ್ಲಿ ಮನೆಯೇ ಇಲ್ಲದವರು, ಚಟಕ್ಕೆ ಬಿದ್ದವರು ಇದ್ದರು. ತಂಡ ಎಷ್ಟೇ ಓಡಾಡಿದರೂ ಮುಂದಿನ ಬಾಗಿಲು ಮುಚ್ಚಿತ್ತು. ಹಾರ್ಟ್ ಫೇಲ್ಯೂರ್‌ನಂಥ ಒಂದು ನಿರ್ದಿಷ್ಟ ಕಾಯಿಲೆಗೆ, ಒಬ್ಬರೇ ನರ್ಸ್ ಆಸ್ಪತ್ರೆಯಿಂದ ಮನೆಯವರೆಗೂ ಜೊತೆಗಿದ್ದು ನೋಡಿಕೊಂಡ ಅಧ್ಯಯನಗಳಲ್ಲಿ ಲಾಭ ಕಂಡಿದೆ. ಫಿಲಡೆಲ್ಫಿಯಾದಲ್ಲಿ ಮೇರಿ ನೇಲರ್ ಎಂಬ ನರ್ಸ್ ಸಂಶೋಧಕಿ 239 ಹಾರ್ಟ್ ಫೇಲ್ಯೂರ್ ರೋಗಿಗಳ ಮೇಲೆ ಮಾಡಿದ್ದು ಅದೇ, ಪ್ರಕಟವಾಗಿದ್ದು 2004ರಲ್ಲಿ. ಬರೀ ಜೋಡಿಸುವುದು ಸಾಲದು, ಜೋಡಿಸಿದ ಕಡೆ ಮಾತ್ರೆ, ಬಸ್ಸು, ಶೌಚಾಲಯ, ಕೂಲಿ ಇರಬೇಕು ಎಂಬುದು ಈ ಎಲ್ಲ ಓದಿನಿಂದ ನನಗೆ ತಿಳಿದದ್ದು.

2025ರ ಮೇ, ಜೂನ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ನಮ್ಮ ಉಪಕೇಂದ್ರಕ್ಕೂ ಆರೋಗ್ಯವಾಗಿರುವ ಹುಡುಗರು ಇಸಿಜಿ ಕೇಳಿಕೊಂಡು ಬಂದರು. ಭಯ ಸಹಜ. ಅದೇ ಹೊತ್ತಿನಲ್ಲಿ, ಹೃದಯ ಈಗಾಗಲೇ ಸೋತಿರುವವರು ತೋಟದ ಸಾಲಿನಲ್ಲಿ ಮಾತ್ರೆ ಬಿಟ್ಟು ನಿಂತಿದ್ದರು. ಅವರು ಯಾವ ಸಾಲಿನಲ್ಲೂ ಕಾಣಲಿಲ್ಲ.

ನಮ್ಮ ಕೈಗೆ ಸಿಗದವರ ವಿಷಯ ಒಂದಿದೆ. ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದವರಲ್ಲಿ ಒಬ್ಬರಿಗೆ ಬಿಪಿ ತೀರಾ ಜಾಸ್ತಿ ಇತ್ತು. ಜನವರಿಯಲ್ಲಿ ಮಾತ್ರೆ ಶುರು ಮಾಡಿದೆವು, ಪುಸ್ತಕ ಕೊಟ್ಟೆವು. ಮಾರ್ಚಿಗೆ ಮೇಸ್ತ್ರಿ ಜೊತೆ ಬೇರೆ ಕಡೆ ಹೋಗಿದ್ದರು. ಕನ್ನಡದಲ್ಲಿ ಬರೆದ ಆ ಪುಸ್ತಕ ಅವರಿಗೆ ಎಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ಈ ವರ್ಷ ಅವರಂಥವರಿಗೆ ಹಿಂದಿ ಮತ್ತು ಅಸ್ಸಾಮಿಯಲ್ಲಿ ಒಂದು ಪುಟದ ಚೀಟಿ ಮಾಡಿಸುತ್ತಿದ್ದೇವೆ.

ಸದ್ಯಕ್ಕೆ ದೊಡ್ಡಮ್ಮ ಕಣದ ಕೆಲಸಕ್ಕೆ ಹೋಗುತ್ತಿದ್ದಾರೆ. ಅದೇ ಲೈನಿನ ಇನ್ನಿಬ್ಬರು ಬೆಳಗ್ಗೆ ಕಾಟಾದ ಮೇಲೆ ನಿಲ್ಲುತ್ತಾರೆ. ಆಸ್ಪತ್ರೆಯ ವಾರ್ಡಿಗೆ ಹೊಸದಾಗಿ ಬಂದ ನರ್ಸನ್ನು ಕಂಡು ಮಾತಾಡಿ ಬಂದಿದ್ದೇನೆ. ಡಿಸ್ಚಾರ್ಜ್ ದಿನದ ಸುದ್ದಿಯನ್ನು ವಾರ್ಡಿನ ರಿಜಿಸ್ಟರಿನಲ್ಲೇ ಒಂದು ಕಾಲಂ ಮಾಡಿ, ಯಾವ ಉಪಕೇಂದ್ರಕ್ಕೆ ತಿಳಿಸಿದರು ಎಂದು ಬರೆಯುವಂತೆ ಆದೇಶ ಮಾಡಿ ಎಂದು ನಮ್ಮ ಡಾಕ್ಟರ ಮೂಲಕ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಹೋಗಿದೆ. ಉತ್ತರ ಬರಬೇಕು.